ಹನ್ನೊಂದನೇ ಆಳಿನ ನೀರು

ಕೊಲಂಬೊ

ಲಂಕೆಯಲ್ಲಿ ನಾನು ಮೊದಲು ಸೋತದ್ದು ರಸ್ತೆ ದಾಟುವುದರಲ್ಲಿ. ರಾಮನಗರದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸಿಕೊಂಡು ತಲೆ ನರೆತವಳು ನಾನು. ಶನಿವಾರ ಕೆಂಗಲ್ ಹನುಮಂತರಾಯನ ಗುಡಿ ಮುಂದೆ ಮೈಸೂರು ರಸ್ತೆ ದಾಟಿದವಳಿಗೆ ಬೇರೆ ಯಾವ ದೇಶದ ರಸ್ತೆಯೂ ಲೆಕ್ಕಕ್ಕಿಲ್ಲ ಅಂದುಕೊಂಡಿದ್ದೆ. ಕೊಲಂಬೊದಲ್ಲಿ ಹಳದಿ ಪಟ್ಟೆ ಬಳಿದ ಕಡೆ ನಿಂತು, ಬರುತ್ತಿದ್ದ ಕಾರು ಹೋಗಲಿ ಎಂದು ಕಾದೆ. ಕಾರು ನಿಂತಿತು. ಕೆಟ್ಟು ನಿಂತಿರಬೇಕೆಂದು ನಾನೂ ನಿಂತೆ. ಒಳಗಿದ್ದ ಹೆಂಗಸು ಕೈ ಬೀಸಿದಳು. ಎಷ್ಟು ಸ್ನೇಹದ ಜನ ಎಂದು ನಾನೂ ಬೀಸಿದೆ. ಹಿಂದೆ ಆಟೋಗಳು, ಒಂದು ಬಸ್ಸು ಸಾಲುಗಟ್ಟಿದವು. ಒಬ್ಬರೂ ಹಾರನ್ ಒತ್ತಲಿಲ್ಲ.

ಪಕ್ಕದಲ್ಲಿದ್ದ ನನ್ನ ತಮ್ಮ ಕೆಂಪರಾಜು ನನ್ನ ಸೆರಗು ಹಿಡಿದೆಳೆದ. "ಅಕ್ಕ, ಅವ್ರು ನಿಂಗೋಸ್ಕರ ನಿಂತವ್ರೆ ಕಣಕ್ಕ. ನಡಿ ಮತ್ತೆ, ಊರ ಮರ್ಯಾದೆ ಹೋಯ್ತೈತೆ."

ಇಷ್ಟು ವರ್ಷ ನಾನು ಮಕ್ಕಳಿಗೆ ಕಲಿಸಿದ ಪಾಠವನ್ನು ನಿಜಕ್ಕೂ ಪಾಲಿಸುವ ದೇಶ ಒಂದಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ನನಗೆ ನಾಚಿಕೆಯಾಯಿತು, ಸಂತೋಷವೂ ಆಯಿತು.

ನಾವು ಬಂದದ್ದು ದೇವಸ್ಥಾನ ನೋಡಲಿಕ್ಕಲ್ಲ, ಸೀರೆ ಕೊಳ್ಳಲಿಕ್ಕೂ ಅಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಇಳಿಯುವುದನ್ನು ಕಲಿಯಲಿಕ್ಕೆ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಕಡಲು ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಅದೇ ಹೊತ್ತಿನಲ್ಲಿ ಲಂಕೆಯ ಪೂರ್ವದ ದಡ ತಿಳಿಯಾಗಿರುತ್ತದೆ. ಐವತ್ತು ದಾಟಿದ ಹೆಂಗಸಿಗೆ ಇದೇನು ಬಂತು ಎಂದು ನೆರೆಹೊರೆಯವರು ಕೇಳಿದರು. ಬಂದದ್ದು ನನಗಲ್ಲ, ತಮ್ಮನಿಗೆ.

ಕೆಂಪರಾಜು ಕೋಡಿಹಳ್ಳಿ ಹತ್ತಿರದ ನಮ್ಮ ತವರೂರಿನಲ್ಲಿ ಮೋಟಾರಿಗೆ ಕಾಯಿಲ್ ಸುತ್ತುವ ಅಂಗಡಿ ಇಟ್ಟಿದ್ದಾನೆ, ಎರಡು ಹಸು ಕಟ್ಟಿದ್ದಾನೆ. ಆದರೆ ಸುತ್ತಲ ಊರುಗಳಿಗೆಲ್ಲ ಅವನು ಗೊತ್ತಿರುವುದು ಬಾವಿಗಿಳಿಯುವವನೆಂದೇ. ಬಾವಿಗೆ ಪಂಪು ಬಿದ್ದರೆ, ಒಡವೆ ಬಿದ್ದರೆ, ಮನುಷ್ಯರೇ ಬಿದ್ದರೆ ಅವನಿಗೆ ಫೋನು ಬರುತ್ತದೆ. ಉಸಿರು ಕಟ್ಟಿ ಮುಳುಗುತ್ತಾನೆ, ಎತ್ತಿಕೊಂಡು ಬರುತ್ತಾನೆ. ನಮ್ಮ ಕಡೆ ನೀರನ್ನು ಆಳಿನಲ್ಲಿ ಅಳೆಯುತ್ತೇವೆ. ಒಬ್ಬ ಮನುಷ್ಯ ನಿಂತಷ್ಟು ಎತ್ತರ ಒಂದಾಳು. ಐದಾಳು ನೀರೆಂದರೆ ಅವನಿಗೆ ಮನೆಯಂಗಳ.

ಕಳೆದ ಬೇಸಿಗೆಯಲ್ಲಿ ಹಾರೋಹಳ್ಳಿ ಕಡೆಯ ಒಂದು ಬಾವಿಯಲ್ಲಿ ಅವನು ಪಂಪಿಗೆ ಹಗ್ಗ ಬಿಗಿಯಲು ಹೋಗಿ ಮೇಲೆ ಬರಲಿಲ್ಲ. ದಡದಲ್ಲಿದ್ದವರು ಅವನ ಸೊಂಟದ ಹಗ್ಗ ಹಿಡಿದು ಎಳೆದಾಗ ಪ್ರಜ್ಞೆ ಇರಲಿಲ್ಲ, ಕಿವಿಯಲ್ಲಿ ರಕ್ತ ಬರುತ್ತಿತ್ತು. ಆಸ್ಪತ್ರೆಯಿಂದ ಬಂದ ಮೇಲೂ ಮತ್ತೆ ಇಳಿದ. ಅವನ ಹೆಂಡತಿ ಜಯಲಕ್ಷ್ಮಿ ನನ್ನ ಮನೆಗೆ ಬಂದು ಅತ್ತಳು. "ಅಕ್ಕ, ನಾನು ಹೇಳಿ ಹೇಳಿ ಸಾಕಾಗೋಯ್ತು. ನೀವೇ ಏನಾರ ಮಾಡಿ. ನಿಮ್ ಮಾತಾದ್ರೆ ಒಸಿ ಕೇಳ್ತಾರೆ."

ಬಿಡು ಎಂದರೆ ಬಿಡುವ ಜಾತಿಯಲ್ಲ ಅವನದು. ಕಲಿತಾದರೂ ಇಳಿ ಎಂದೆ. ತಕ್ಷಣ ಒಪ್ಪಿದ, ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಜಯಲಕ್ಷ್ಮಿಗೆ ಬೇಕಾದದ್ದು ಗಂಡ ನೀರಿನ ಭಯ ಕಲಿತು ಬರುವುದು. ಅವನಿಗೆ ಬೇಕಾದದ್ದು ಸಿಲಿಂಡರ್ ಕಟ್ಟಿಕೊಂಡು ಕಾವೇರಿಯ ಸಂಗಮದ ಮಡುವಿಗೆ ಇಳಿಯುವುದು. ಪ್ರವಾಸಕ್ಕೆ ಬಂದವರು ಅಲ್ಲಿ ಕಾಲು ಜಾರುತ್ತಲೇ ಇರುತ್ತಾರೆ. ಉಸಿರು ಕಟ್ಟಿ ಇಳಿಯಲಾಗದ ಜಾಗ ಅದೊಂದೇ ಎಂದು ಅವನು ವಿಮಾನದಲ್ಲಿ ನನಗೆ ಹೇಳಿದ. ಅವನನ್ನು ಉಳಿಸಲು ಕರೆತಂದೆನೋ, ಸಾಯಲು ಸಲಕರಣೆ ಕೊಡಿಸಲು ಕರೆತಂದೆನೋ ತಿಳಿಯದಾಯಿತು.

ಟ್ರಿಂಕೋಮಲಿ

ಬಸ್ಸಿನಲ್ಲಿ ಬಂದೆವು. ನಡೆದು ಹೋಗುವವರಿಗೆ ಅಷ್ಟು ಮರ್ಯಾದೆ ಕೊಡುವ ದೇಶದಲ್ಲಿ ಬಸ್ಸುಗಳು ಒಂದಕ್ಕೊಂದು ಕೊಡುವುದಿಲ್ಲ. ನನ್ನ ಬಲಗಾಲು ದಾರಿಯುದ್ದಕ್ಕೂ ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು.

ಕೆಂಪರಾಜು ಚೀಲದಲ್ಲಿ ರಾಗಿ ಹಿಟ್ಟು ಹೊತ್ತು ತಂದಿದ್ದ. ಇಳಿದುಕೊಂಡ ಮನೆಯ ಒಡತಿ ಬೆಳಿಗ್ಗೆ ಆವಿಯಲ್ಲಿ ಬೇಯಿಸಿದ ಕಪ್ಪಗಿನ ಪಿಟ್ಟು ಬಡಿಸಿದಾಗ ನೋಡಿದರೆ ಅದೇ ರಾಗಿ. ಅಲ್ಲಿ ಕುರಕ್ಕನ್ ಅನ್ನುತ್ತಾರೆ. ಅವನಿಗೆ ಸಮುದ್ರ ದಾಟಿಯೂ ನೆಂಟರು ಸಿಕ್ಕಂತಾಯಿತು. ಅಡುಗೆಮನೆಗೇ ನುಗ್ಗಿ ಮುದ್ದೆ ತಿರುವಿ ಆಕೆಗೂ ಹಾಕಿದ. ಆಕೆ ಅಗಿಯತೊಡಗಿದರು. ಅಗಿಯಬಾರದು, ನುಂಗಬೇಕು ಎಂದು ಅವನು ಗಂಟಲು ತೋರಿಸಿದ. ನುಂಗಿದರೆ ಸಿಕ್ಕಿಕೊಂಡು ಸಾಯುತ್ತೇನೆ ಎಂದು ಆಕೆ ಹೆದರಿದರು. ಕಡೆಗೆ ಒಂದು ಕಡಲೆಕಾಳಿನಷ್ಟು ನುಂಗಿ, ಬದುಕಿದ್ದೇನೆಯೇ ಎಂದು ಸುತ್ತಲೂ ನೋಡಿದರು.

ನಮ್ಮ ಗುರು ತರ್ಷಿಣಿ, ಮೂವತ್ತರ ಆಸುಪಾಸಿನ ತಮಿಳು ಹೆಂಗಸು. ನನ್ನ ಹೆಗಲಿಗೆ ಬರುತ್ತಾಳೆ, ಎರಡು ಸಿಲಿಂಡರ್ ಒಟ್ಟಿಗೆ ಎತ್ತುತ್ತಾಳೆ. ಕೋಡಿಹಳ್ಳಿ ಗಡಿಯ ಸೀಮೆಯಾದ್ದರಿಂದ ನಮಗೆ ತಮಿಳು ಅಷ್ಟಿಷ್ಟು ಬರುತ್ತದೆ. ಲಂಕೆಯ ತಮಿಳು ಬೇರೆಯದೇ ರಾಗ, ಆದರೂ ಕೆಲಸ ನಡೆಯಿತು. ಅವಳ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಅಣ್ಣ, ನೀರಿನ ಅನುಭವ ಇದೆಯಾ?" ಎಂದು ತಮ್ಮನನ್ನು ಕೇಳಿದಳು.

"ಹುಟ್ಟಿದಾಗ್ಲಿಂದ," ಅಂದ.

ಅವಳ ಮುಖದಲ್ಲಿ ಒಂದು ದಣಿವು ಹಾದುಹೋಯಿತು. ನನಗದು ಚೆನ್ನಾಗಿ ಗೊತ್ತು. ನನ್ನ ಸ್ಕೂಲಿಗೆ ಬರುವವರಲ್ಲಿ ಏನೂ ಗೊತ್ತಿಲ್ಲದವರಿಗೆ ಕಲಿಸುವುದು ಸುಲಭ. ಇಪ್ಪತ್ತು ವರ್ಷ ಟ್ರ್ಯಾಕ್ಟರ್ ಓಡಿಸಿ ಕಾರು ಕಲಿಯಲು ಬರುತ್ತಾರಲ್ಲ, ಆ ಗೌಡರುಗಳನ್ನು ಕಂಡರೆ ನನಗೂ ಅದೇ ಮುಖ ಬರುತ್ತದೆ. ಅವರಿಗೆ ಎಲ್ಲವೂ ಬರುತ್ತದೆ, ಕನ್ನಡಿ ನೋಡುವುದೊಂದು ಬಿಟ್ಟು.

ಎದೆಮಟ್ಟದ ನೀರು

ಮೊದಲ ಪಾಠ ದಡದ ಬಳಿಯೇ. ಬಾಯಿಗೆ ನಳಿಗೆ ಕಚ್ಚಿಕೊಂಡು ನೀರೊಳಗೆ ಮಂಡಿಯೂರಿ ಕೂತು ಉಸಿರಾಡಬೇಕು. ಮೊದಲ ಸಲ ನಾನು ಎರಡೇ ಉಸಿರಿಗೆ ಎದ್ದು ನಿಂತೆ. ತಮ್ಮ ಮಾತ್ರ ಚಾವಡಿಯಲ್ಲಿ ಕೂತವನಂತೆ ಕೂತಿದ್ದ. ಬೆಲ್ಟು ಬಿಚ್ಚಿ ಕಟ್ಟು ಎಂದರೆ ಬಿಚ್ಚಿ ಕಟ್ಟಿದ. ಮೇಲೆ ಬಂದು ನೋಡಿದರೆ ನನ್ನ ಸಿಲಿಂಡರಿನ ಗಾಳಿ ಇಳಿದಿತ್ತು, ಅವನದು ಹಾಗೇ ಇತ್ತು. ಮೀಸೆಯೊಂದನ್ನು ತಿರುವಲಿಲ್ಲ, ಅಷ್ಟೆ.

ತರ್ಷಿಣಿ ಅವನನ್ನು ಮೆಚ್ಚಲಿಲ್ಲ. "ಅಣ್ಣ, ಬೆಲ್ಟು ಕಟ್ಟುವಾಗ ನಿಮ್ಮ ಗುಳ್ಳೆ ಎಲ್ಲಿ ಹೋಯಿತು?"

ಅವನು ಉಸಿರು ಕಟ್ಟಿಕೊಂಡಿದ್ದ. ಗಾಳಿ ಬಾಯಲ್ಲೇ ಇದ್ದರೂ, ಕೈಗೆ ಕೆಲಸ ಬಂದ ತಕ್ಷಣ ಬಾವಿಯ ಅಭ್ಯಾಸ ತಾನಾಗಿ ಬಂದುಬಿಡುತ್ತಿತ್ತು. ಈ ವಿದ್ಯೆಯಲ್ಲಿ ಮಾಡಬಾರದ ಮೊದಲ ತಪ್ಪು ಅದೇ ಎಂದು ಅವಳು ಹೇಳಿದಳು. "ಬಾವಿಯಲ್ಲಿ ನೀವು ಮೇಲಿನ ಗಾಳಿಯನ್ನು ಎದೆಯಲ್ಲಿ ತುಂಬಿಕೊಂಡು ಇಳಿಯುತ್ತೀರಿ. ಮೇಲೆ ಬಂದಾಗ ಅಷ್ಟೇ ಗಾಳಿ. ಇಲ್ಲಿ ನೀವು ಗಾಳಿ ತುಂಬಿಕೊಳ್ಳುವುದು ಆಳದಲ್ಲಿ. ಅದನ್ನು ಕಟ್ಟಿಕೊಂಡು ಮೇಲೆ ಬಂದರೆ ಅದು ಹಿಗ್ಗುತ್ತದೆ, ಶ್ವಾಸಕೋಶ ಹರಿಯುತ್ತದೆ. ಗಟ್ಟಿ ಈಜುಗಾರರು ಸಾಯುವುದೇ ಹೀಗೆ."

ಅವನು ಮತ್ತೆ ಮತ್ತೆ ಪ್ರಯತ್ನಿಸಿದ, ಮತ್ತೆ ಮತ್ತೆ ಕಟ್ಟಿಕೊಂಡ. ಊರಿಗೆಲ್ಲ ಹೆಸರಾದ ಅವನ ವಿದ್ಯೆಯೇ ಇಲ್ಲಿ ಅವನ ಶತ್ರುವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಅವನ ಮುಖ ಸಣ್ಣದಾಯಿತು. ಏನಾದರೂ ಸದ್ದು ಮಾಡುತ್ತಿದ್ದರೆ ಉಸಿರು ನಿಲ್ಲುವುದಿಲ್ಲ, ಹಾಡು ಗುನುಗಿ ಎಂದಳು ತರ್ಷಿಣಿ. ಅವನಿಗೆ ಯಾವ ಹಾಡೂ ಬಾರದು.

"ಲೋ ಕೆಂಪ," ಅಂದೆ, "ಹಾಲು ಕರೆಯೋವಾಗ ಹಸು ಪಕ್ಕ ಕುಂತ್ಕಂಡು ಹೂಂ ಹೂಂ ಅಂತಿರ್ತೀಯಲ್ಲ, ಅದನ್ನೇ ಮಾಡು."

"ಕಡಲೊಳಗಾ?"

"ಇಲ್ಲಿ ಯಾರು ನೋಡ್ತಾರ್ಲಾ? ಮೀನು."

ಅವನು ಇಳಿದು ಹೂಂಗುಟ್ಟಿದ. ಗುಳ್ಳೆ ಸಾಲಾಗಿ ಎದ್ದವು. ನೀರೊಳಗೆ ಆ ಸದ್ದು ನನಗೂ ಕೇಳಿಸಿತು, ನಮ್ಮ ಕೊಟ್ಟಿಗೆಯ ಸದ್ದು. ನಗು ಬಂದು ನನ್ನ ಬಾಯಿಯ ನಳಿಗೆ ಕಳಚಿ, ಉಪ್ಪುನೀರು ಕುಡಿದು ಎದ್ದೆ.

ಹಗ್ಗ ವಾಲಿದ ದಿನ

ಮರುದಿನ ದೋಣಿಯಲ್ಲಿ ಬಂಡೆಸಾಲಿನ ಕಡೆ ಹೋದೆವು. ಅಲ್ಲಿ ಜೋಡಿ ಇಲ್ಲದೆ ಯಾರೂ ಇಳಿಯುವಂತಿಲ್ಲ, ಗುರುವಿನ ಕಣ್ಣೆದುರೂ ಸರಿಯೆ. ನನ್ನ ಜೋಡಿ ತಮ್ಮ. ಇಳಿಯುವ ಮುಂಚೆ ಒಬ್ಬರು ಇನ್ನೊಬ್ಬರ ಬೆಲ್ಟು, ಗಾಳಿ, ಕೊಳವೆ ಎಲ್ಲವನ್ನೂ ಮುಟ್ಟಿ ನೋಡಬೇಕು. ಜಯಲಕ್ಷ್ಮಿ ಕೂಡ ತನ್ನನ್ನು ಇಷ್ಟು ಪರೀಕ್ಷೆ ಮಾಡಿಲ್ಲ ಎಂದ.

ಮೊದಲ ಇಳಿತ ಚೆನ್ನಾಯಿತು. ನೀಲಿ ಮೀನುಗಳು, ಹವಳ, ಎಲ್ಲವನ್ನೂ ನೋಡಿದೆ. ನನಗೆ ಹೆಚ್ಚು ನೆನಪಿರುವುದು ನೀರಿನ ತಿಳಿ. ನಮ್ಮ ಬಾವಿಯಲ್ಲಿ ಕೈ ಚಾಚಿದರೆ ಬೆರಳು ಕಾಣದು. ಇಲ್ಲಿ ದೋಣಿಯ ಹೊಟ್ಟೆ ಕೂಡ ಕಾಣುತ್ತಿತ್ತು. "ಇದೇನಕ್ಕ, ನೀರು ಅನ್ನೋಕೇ ಮನ್ಸು ಬರಕಿಲ್ಲ," ಅಂದ ತಮ್ಮ.

ಎರಡನೆಯ ಇಳಿತಕ್ಕೆ ಸಿದ್ಧವಾಗುವಾಗ ಅವನು ಕಡಲನ್ನೇ ನೋಡುತ್ತ ಕೂತ. "ನೀರ ಮೇಲೆ ತೇಲೋ ಆ ಬುರುಡೆ ಕಟ್ಟಿರೋ ಹಗ್ಗ ವಾಲ್ತೈತೆ. ಆಗ ನೆಟ್ಟಗಿತ್ತು. ಕೆಳಗೆ ನೀರು ಎಳೀತೈತೆ." ದೋಣಿಯವನು ನಕ್ಕ. ತರ್ಷಿಣಿ ನಗಲಿಲ್ಲ. ದೋಣಿಯಂಚು ಹಿಡಿದು ನೀರಿಗೆ ಮುಖ ಅದ್ದಿ ನೋಡಿ, ಸೆಳೆತ ಶುರುವಾಗಿದೆ, ಇವತ್ತಿಗೆ ಸಾಕು ಎಂದಳು. ಇಳಿಯಬೇಕಿದ್ದ ಆಳ ಮಿತಿಯೊಳಗೇ ಇತ್ತು, ಹವೆ ಚೆನ್ನಾಗಿತ್ತು, ಇಳಿದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ದೋಣಿ ತಿರುಗಿಸುವಾಗ ಅವಳು ತಮ್ಮನಿಗೆ, "ಅಣ್ಣ, ಅನುಭವ ಬೇಕಾಗುವುದು ಇದಕ್ಕೆ," ಎಂದಳು.

ನಾನು ಹಿಗ್ಗಿದೆ. ಅವನು ನನಗಿಂತ ಹೆಚ್ಚು ಹಿಗ್ಗಿದ, ಅಲ್ಲೇ ಎಡವಟ್ಟಾಯಿತು. ಸಂಜೆ ಕಡಲ ದಂಡೆಯಲ್ಲಿ ಕೂತು ಮಾತು ತೆಗೆದ. ನಮ್ಮಂಥ ಹೊಸಬರಿಗೆ ಹದಿನೆಂಟು ಮೀಟರಿನ ಮಿತಿ. ನಮ್ಮ ಲೆಕ್ಕದಲ್ಲಿ ಹತ್ತಾಳು ಚಿಲ್ಲರೆ.

"ಹತ್ತಾಳಿಗೆ ನಿಲ್ಲು ಅಂತಾಳೆ. ಹನ್ನೊಂದ್ನೇ ಆಳಲ್ಲಿ ಯಮ ಕುಂತವ್ನಾ?"

"ತಿರುವಲ್ಲಿ ನಲವತ್ತು ಅಂತ ಬೋರ್ಡ್ ಹಾಕಿರ್ತಾರೆ. ನಲವತ್ತೊಂದಕ್ಕೆ ಯಾರೂ ಸಾಯಕಿಲ್ಲ," ಅಂದೆ. "ಆದ್ರೆ ನಲವತ್ತೊಂದಕ್ಕೆ ಏನೂ ಆಗ್ಲಿಲ್ಲ ಅಂತ ಐವತ್ತಕ್ಕೆ ಹೋಯ್ತಾರೆ. ಅವ್ರನ್ನ ನಾನು ದಿನಾ ನೋಡ್ತೀನಿ."

"ಅದು ಕಲೀದೇ ಇರೋರ ಮಾತು ಕಣಕ್ಕ. ನಾನು ನೀರನ್ನ ನೋಡಿ ಹೇಳ್ತೀನಿ."

"ಹಳೇ ಬಾವಿಗೆ ಇಳಿಯೋಕೆ ಮುಂಚೆ ಅಪ್ಪ ಲಾಂದ್ರ ಇಳಿಬಿಡ್ತಿದ್ರು, ನೆನಪೈತಾ? ದೀಪ ಆರಿದ್ರೆ ಒಳಗೆ ಕೆಟ್ಟ ಗಾಳಿ ಅಂತ ಎಂಥ ಗಂಡಸನ್ನೂ ಇಳಿಸ್ತಿರ್ಲಿಲ್ಲ. ನೋಡಿದ್ರೆ ಗೊತ್ತಾಯ್ತದೆ ಅನ್ನೋದಾಗಿದ್ರೆ ಲಾಂದ್ರ ಯಾಕೆ ಬೇಕಿತ್ತು?"

ಅವನು ಮರಳಲ್ಲಿ ಕಡ್ಡಿ ಗೀಚುತ್ತ ಕೂತ. ಒಪ್ಪಿದನೆಂದು ನಾನಂದುಕೊಂಡೆ. ಒಪ್ಪಿರಲಿಲ್ಲ.

ಹತ್ತಾಳು ನೀರು

ಕಡೆಯ ಇಳಿತದಲ್ಲಿ ನಾವು ಇಳಿಜಾರಿನ ಒಂದು ಬಂಡೆಯ ಪಕ್ಕ, ಮಿತಿ ಮುಟ್ಟಲು ಇನ್ನೊಂದು ಮೀಟರ್ ಇರುವಷ್ಟು ಆಳದಲ್ಲಿ ತೇಲುತ್ತಿದ್ದೆವು. ತರ್ಷಿಣಿ ನಮ್ಮ ಮುಂದಿದ್ದಳು. ಕಣ್ಣು ಮೂಗು ಮುಚ್ಚಿ ಕಟ್ಟಿದ್ದ ನನ್ನ ಮುಳುಗುವ ಕನ್ನಡಕದ ಅಂಚು ಸಡಿಲಾಗಿ ನೀರು ಒಸರತೊಡಗಿತು. ತಮ್ಮನ ಕಡೆ ಕೈ ಚಾಚಿದೆ. ಅವನಿರಲಿಲ್ಲ.

ಕೆಳಗೆ ಮರಳಿನಲ್ಲಿ ಯಾವುದೋ ದೋಣಿಯ ಲಂಗರು ಬಿದ್ದಿತ್ತು. ನೀರಿನ ತಳದಲ್ಲಿ ಕಬ್ಬಿಣ ಬಿದ್ದಿದ್ದರೆ ಅವನು ಬಿಡುತ್ತಾನೆಯೇ? ಆಯುಸ್ಸು ಪೂರ್ತಿ ಬಿದ್ದದ್ದನ್ನು ಎತ್ತಿದವನು. ನೇರ ಇಳಿದು ಅದನ್ನು ಅಲ್ಲಾಡಿಸುತ್ತಿದ್ದ. ಅಷ್ಟನ್ನು ಕಂಡೆ, ಆಮೇಲೆ ಕನ್ನಡಕ ತುಂಬಿತು. ಕಣ್ಣು ಉರಿಯಿತು, ಮೂಗಿಗೆ ನೀರು ಹೋಯಿತು. ಮೇಲಕ್ಕೆ ಓಡಿಬಿಡಬೇಕೆಂದು ಮೈಯೆಲ್ಲ ಕೂಗಿತು. ನಾನು ಹೆದರಿದೆ, ಸಾಯುತ್ತೇನೆಂದೇ ಹೆದರಿದೆ. ಆದರೂ ಕೈ ಕಲಿತದ್ದನ್ನು ಮಾಡಿತು. ಕನ್ನಡಕದ ಮೇಲಂಚು ಒತ್ತಿ, ತಲೆ ಎತ್ತಿ, ಮೂಗಿನಿಂದ ಊದಿದೆ. ಅರ್ಧ ನೀರು ಹೋಯಿತು. ಆ ಅರ್ಧ ಬೆಳಕಿನಲ್ಲಿ ತರ್ಷಿಣಿ ನನ್ನ ತೋಳು ಹಿಡಿದದ್ದು ಕಂಡಿತು. ಇನ್ನೊಂದು ಕೈಯಿಂದ ಅವಳು ಸಿಲಿಂಡರಿಗೆ ಕಬ್ಬಿಣದ ಕಡ್ಡಿಯಲ್ಲಿ ಟಣ್ ಟಣ್ ಎಂದು ಬಡಿಯುತ್ತಿದ್ದಳು.

ಅವನು ತಲೆ ಎತ್ತಿ ನೋಡಿ, ಹೂಂಗುಟ್ಟುತ್ತ ನಿಧಾನವಾಗಿ ಮೇಲೆ ಬಂದ. ಅದೊಂದನ್ನು ಮರೆತಿರಲಿಲ್ಲ. ಅವಳು ಇಳಿತವನ್ನು ಅಲ್ಲಿಗೇ ಮುಗಿಸಿದಳು.

ದೋಣಿಯಲ್ಲಿ ಅವನೇ ಮೊದಲು ಮಾತಾಡಿದ. "ನಾಕು ಮೀಟ್ರು ಕೆಳಗೋದೆ. ಏನೂ ಆಗ್ಲಿಲ್ಲ."

"ನಿಮಗೇನೂ ಆಗಲಿಲ್ಲ ಅಣ್ಣ," ಎಂದಳು ತರ್ಷಿಣಿ. ದನಿ ಏರಿಸಲಿಲ್ಲ. "ನಿಮ್ಮ ಅಕ್ಕನ ಕನ್ನಡಕದ ತುಂಬ ನೀರಿತ್ತು. ನೀವು ಕೆಳಗೆ, ಅವರು ಮೇಲೆ. ನಾನು ಯಾರ ಕಡೆ ಹೋಗಬೇಕಿತ್ತು, ನೀವೇ ಹೇಳಿ."

ಅವನು ನನ್ನ ಕಡೆ ತಿರುಗಿದ. "ನೀರು ತುಂಬ್ಕಂಡಿತ್ತಾ?"

"ಮೂಗಿನವರ್ಗೂ ತುಂಬಿತ್ತು. ನಿನ್ ಕೈ ಹುಡುಕ್ದೆ. ನೀನು ಗುಜರಿ ಎತ್ತೋಕೆ ಹೋಗಿದ್ದೆ."

ಅವನು ಬಿಳಿಚಿಕೊಂಡ. ಬಾವಿಯಲ್ಲಿ ಇಳಿಯುವವನು ಒಬ್ಬ. ಉಳಿದವರೆಲ್ಲ ಮೇಲೆ, ಗಟ್ಟಿ ನೆಲದ ಮೇಲೆ ಹಗ್ಗ ಹಿಡಿದು ನಿಂತಿರುತ್ತಾರೆ. ಅವನ ಹಿಂದೆ ನೀರೊಳಗೆ ಯಾವತ್ತೂ ಯಾರೂ ಇದ್ದವರಲ್ಲ. ತಿರುಗಿ ನೋಡುವ ಅಭ್ಯಾಸ ಎಲ್ಲಿಂದ ಬರಬೇಕು? ನನ್ನ ಟ್ರ್ಯಾಕ್ಟರ್ ಗೌಡರ ಹಾಗೆ ಅವನೂ ಕನ್ನಡಿ ನೋಡಿರಲಿಲ್ಲ.

ಆ ದಿನ ತರ್ಷಿಣಿ ಅವನನ್ನು ಪಾಸು ಮಾಡಲಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಇಳಿಸಿದಳು, ಐದಾಳಿಗಿಂತ ಕೆಳಗಿಲ್ಲ, ಅಕ್ಕನಿಂದ ಒಂದು ತೋಳಿಗಿಂತ ದೂರವಿಲ್ಲ. ಅವನು ನನ್ನ ಮೊಣಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಬೆರಳಿನ ಗುರುತು ಬಿತ್ತು. ದಡಕ್ಕೆ ಬಂದ ಮೇಲೆ ಅವಳು ಇಬ್ಬರ ಕೈಯನ್ನೂ ಕುಲುಕಿದಳು.

"ಇದು ಇಂಥ ನೀರಿಗೆ ಮಾತ್ರ ಅಣ್ಣ. ಹಗಲು ಹೊತ್ತು, ಕಣ್ಣು ಕಾಣುವ ನೀರು, ಜೊತೆಗೊಬ್ಬರು. ಹರಿಯುವ ಹೊಳೆಗೆ, ಸತ್ತವರನ್ನು ಹುಡುಕುವುದಕ್ಕೆ ಇದು ಸಾಲದು. ಅದಕ್ಕೆ ಬೇರೆ ತರಬೇತಿ, ಬೇರೆ ತಂಡ, ಹಗ್ಗ, ಎಲ್ಲ ಬೇಕು."

"ಹಂಗಾದ್ರೆ ನಮ್ಮೂರಲ್ಲಿ ಇದು ಏನಕ್ಕಾಯ್ತದೆ?" ಎಂದು ಅವನು ನನ್ನನ್ನು ಕನ್ನಡದಲ್ಲಿ ಕೇಳಿದ.

ಫೋನು

ಆ ಮಧ್ಯಾಹ್ನ ತರ್ಷಿಣಿಯ ಜೊತೆ ಊಟಕ್ಕೆ ಕೂತಿದ್ದಾಗ ತಮ್ಮನಿಗೆ ಫೋನು ಬಂತು. ಸಂಗಮದಲ್ಲಿ ತೆಪ್ಪ ಹಾಕುವ ಮಾದಣ್ಣ. ಹಾರೋಹಳ್ಳಿ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ ಒಬ್ಬಾತ ಸ್ನೇಹಿತರೊಂದಿಗೆ ಬಂದು, ಬಂಡೆಯಿಂದ ಜಾರಿ ಮಡುವಿನಲ್ಲಿ ಹೋಗಿಬಿಟ್ಟಿದ್ದಾನೆ. ದೇಹ ಸಿಕ್ಕಿಲ್ಲ.

"ಕೆಂಪಣ್ಣ, ಗಾಳಿ ಕಟ್ಕಂಡು ಇಳಿಯೋದು ಕಲ್ತಿದ್ದೀಯಂತಲ್ಲ. ಇವತ್ತೇ ಹೊಲ್ಟು ಬಂದ್ಬುಡು. ಸಿಲಿಂಡರ್ ನಾವು ನೋಡ್ಕತ್ತೀವಿ."

ತಮ್ಮ ಎದ್ದೇಬಿಟ್ಟ. ಇವತ್ತೇ ವಿಮಾನ ಸಿಗುತ್ತದೆಯೇ ನೋಡು ಎಂದ. ವಿಷಯ ತಿಳಿದ ತರ್ಷಿಣಿ ಅಡ್ಡ ನಿಂತಳು. ಬೆಳಿಗ್ಗೆ ನೀರಿಗಿಳಿದವರು ಅದೇ ದಿನ ವಿಮಾನ ಹತ್ತಬಾರದು. ಆಳದಲ್ಲಿ ಮೈಗೆ ಸೇರಿದ ಗಾಳಿ, ಮೇಲೇರಿದರೆ ಗೋಲಿಸೋಡ ಒಡೆದಂತೆ ರಕ್ತದಲ್ಲಿ ಗುಳ್ಳೆಯಾಗಿ ಏಳುತ್ತದೆ. ಒಂದು ದಿನ ಕಾಯಲೇಬೇಕು.

"ನನ್ ಮೈ ಕಲ್ಲಿದ್ದಂಗೈತೆ," ಎಂದ.

"ಅಣ್ಣ, ಇದು ಮೈಗೆ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಆಕಾಶದಲ್ಲಿರುತ್ತೀರಿ."

ಅಷ್ಟರಲ್ಲಿ ಮಾದಣ್ಣ ಫೋನನ್ನು ಸತ್ತವನ ತಾಯಿಯ ಕೈಗೆ ಕೊಟ್ಟಿದ್ದ. ಆಕೆಯ ದನಿ ನನಗೂ ಕೇಳುತ್ತಿತ್ತು. "ಅಪ್ಪಾ, ನಿಂಗೆ ಕೈ ಮುಗೀತೀನಿ. ಯಾರೂ ಇಳೀತಿಲ್ಲ. ನೀನೊಬ್ಬ ಇಳೀತೀಯ ಅಂತಾರೆ. ನನ್ ಮಗನ್ನ ಮೇಲಕ್ಕೆ ತಂದ್ಕೊಡು."

ಫೋನು ಕಿತ್ತುಕೊಳ್ಳಬೇಕೆನಿಸಿತು. ತಾಯಿಯೊಬ್ಬಳು ಹೀಗೆ ಕೇಳಿದಾಗ ಅವನು ಒಂದು ಸಲವೂ ಇಲ್ಲ ಎಂದವನಲ್ಲ. ಯಾರಿಗೂ ಇಲ್ಲ ಎನ್ನಲಾರದ್ದಕ್ಕೇ ಹಾರೋಹಳ್ಳಿಯ ಬಾವಿಯಲ್ಲಿ ಅವನ ಕಿವಿಯಲ್ಲಿ ರಕ್ತ ಬಂದದ್ದು. ಅವನು ತಟ್ಟೆಯ ಮುಂದೆ ನಿಂತು ಕಡಲು ನೋಡಿದ, ನನ್ನನ್ನು ನೋಡಿದ. ನನ್ನ ಮೊಣಕೈಯ ಗುರುತನ್ನೂ ನೋಡಿದನೆಂದು ಕಾಣುತ್ತದೆ.

"ಅವ್ವಾ," ಅಂದ. "ಇವತ್ತು ಬರಕ್ಕಾಗಕಿಲ್ಲ, ನಾಳೆ ಹೊಲ್ಟು ಬತ್ತೀನಿ. ಬಂದ್ರೂ ನಾನು ಇಳಿಯಕಿಲ್ಲ. ಆ ನೀರಿಗೆ ನಾನು ಕಲ್ತಿರೋದು ಸಾಲ್ದು. ಮಾದಣ್ಣನ ಕೈಗೆ ಕೊಡಿ." ಮಾದಣ್ಣನಿಗೆ ಗಟ್ಟಿಯಾಗೇ ಹೇಳಿದ: "ಊರೋರು ಯಾರೂ ಇಳೀಬಾರ್ದು. ಒಬ್ಬ ಹೋದ್ನಲ್ಲ, ಸಾಕು. ಬೆಂಗಳೂರಿಂದ ಮುಳುಗೋ ತಂಡ ಬರೋಗಂಟ ಹಗ್ಗ ಕಟ್ಟಿ ಕಾಯ್ರಿ."

ಫೋನು ಇಟ್ಟು, ಕೂತು, ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅಪ್ಪ ಸತ್ತಾಗಲೂ ಅವನು ಹೀಗೆ ಅತ್ತಿರಲಿಲ್ಲ. ನಾನು ಬೆನ್ನು ಸವರಿದೆ. ಜಯಲಕ್ಷ್ಮಿಗೆ ಕೂಡಲೇ ಹೇಳಬೇಕೆಂದು ನನಗನ್ನಿಸಿತು, ಹೇಗೆ ಹೇಳಬೇಕೆಂದು ತಿಳಿಯಲಿಲ್ಲ.

ಸಂಗಮ

ಮರುದಿನ ಊರಿಗೆ ಬಂದು, ಅದರ ಮಾರನೆಯ ಬೆಳಿಗ್ಗೆ ಕನಕಪುರದ ಮೇಲೆ ಸಂಗಮಕ್ಕೆ ಹೋದೆವು. ವಿದೇಶದ ಕಥೆಗೆ ಇದನ್ನು ಸೇರಿಸಬಾರದೇನೋ, ಆದರೆ ನಮ್ಮ ಪ್ರವಾಸ ಮುಗಿದದ್ದು ಅಲ್ಲೇ. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ತಂಡದವರು ಬಂಡೆಯಿಂದ ಬಂಡೆಗೆ ಹಗ್ಗ ಬಿಗಿದಿದ್ದರು. ಅವರ ಮುಖ್ಯಸ್ಥ, ಈ ನೀರು ಗೊತ್ತಿರುವವರು ಯಾರು ಎಂದು ಕೇಳಿದಾಗ ಜನ ತಮ್ಮನ ಕಡೆ ಕೈ ತೋರಿಸಿದರು. ಸುಳಿ ಎಲ್ಲಿ ತಿರುಗುತ್ತದೆ, ಬಂಡೆಯ ಕೆಳಗೆ ಪೊಟರೆ ಎಲ್ಲಿದೆ ಎಂದು ಅವನು ಮರಳಿನ ಮೇಲೆ ಗೆರೆ ಎಳೆದು ತೋರಿಸಿದ. ಅವರು ಇಬ್ಬಿಬ್ಬರಾಗಿ ಸಜ್ಜಾಗುವುದನ್ನು ರೆಪ್ಪೆ ಬಡಿಯದೆ ನೋಡಿದ.

ಆ ತಾಯಿ ಒಂದು ಬಂಡೆಯ ಮೇಲೆ ಒಬ್ಬರೇ ಕೂತಿದ್ದರು. ಮಾದಣ್ಣ ನಮ್ಮನ್ನು ತೋರಿಸಿ ಏನೋ ಹೇಳಿದ. ಆಕೆ ತಲೆ ಎತ್ತಿ ತಮ್ಮನ ಒದ್ದೆಯಾಗದ ಬಟ್ಟೆಯನ್ನು ನೋಡಿದರು.

"ಇಳಿಯೋನು ನೀನೇನಪ್ಪಾ?"

"ಅಲ್ಲ ಕಣವ್ವ," ಅಂದ ಕೆಂಪರಾಜು, ಪಕ್ಕದಲ್ಲಿ ಕೂರುತ್ತ. "ಅವ್ರು ತರೋಗಂಟ ನಿನ್ ಜೊತೆ ಕುಂತಿರೋಕೆ ಬಂದೋನು."